ಅರ್ಧ ಗಂಟೆಯ ಪಥ್ಯ

ಗಂಜಾಂ, ಶ್ರೀರಂಗಪಟ್ಟಣ

ಪ್ರೀತಿಯ ಮೇಷ್ಟ್ರಿಗೆ,

ನಿಮ್ಮ ಕಾಗದ ಕೈಸೇರಿ ಹತ್ತು ದಿನವಾಯಿತು. ಎರಡು ಪುಟ ಹೇಮಾವತಿ ನಾಲೆಯ ನೀರಿನ ವಿಚಾರ, ಒಂದು ಪುಟ ನನ್ನ ಹಿಂದಿನ ಬರಹದಲ್ಲಿ ನೀವು ಹುಡುಕಿ ತೆಗೆದ ಕಾಗುಣಿತದ ತಪ್ಪುಗಳು, ಮುಕ್ಕಾಲು ಪುಟ ಮಂಡಿನೋವು. ಅಸಲು ಪ್ರಶ್ನೆ ಮಾತ್ರ ಎಂದಿನಂತೆ ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲುಗಳಲ್ಲಿ. ತಂಗಿಯ ಮೊಮ್ಮಗಳಿಗೆ ಫಿಟ್ಸ್ ಮಾತ್ರೆ ನಡೆಯುತ್ತಿದೆ, ತಲೆಗೆ ಬಿಸಿನೀರು ಹುಯ್ಯುವಾಗಲೇ ಹೆಚ್ಚಾಗಿ ಬರುತ್ತದೆ. ಮನೆಯವರು ಬ್ರಾಹ್ಮಿ ಸಿರಪ್ಪು ತಂದಿಟ್ಟಿದ್ದಾರೆ, ನಾಗಮಂಗಲದ ಕಡೆಯಿಂದ ಯಾರೋ ಒಂದು ಪುಡಿಯನ್ನೂ ತಂದುಕೊಟ್ಟಿದ್ದಾರೆ. ಮಾತ್ರೆಗೂ ಇದಕ್ಕೂ ಅರ್ಧ ಗಂಟೆ ಬಿಟ್ಟು ಕೊಟ್ಟರೆ ತೊಂದರೆಯಿಲ್ಲ ತಾನೆ?

ಆ ‘ಅರ್ಧ ಗಂಟೆ’ಯನ್ನು ಓದಿ ಕಾಗದ ಮಡಿಚಿಟ್ಟೆ. ಅದು ನನ್ನದೇ ಮಾತು ಮೇಷ್ಟ್ರೇ. ನಾಗಮಂಗಲ, ಪಾಂಡವಪುರ, ನಿಮ್ಮ ಕೆ.ಆರ್. ಪೇಟೆ, ಕೊನೆಗೆ ಶ್ರೀರಂಗಪಟ್ಟಣ ಎಂದು ಮೂವತ್ತೊಂದು ವರ್ಷ ನಾಲ್ಕು ತಾಲ್ಲೂಕಿನ ಔಷಧಿ ಕಿಟಕಿಗಳ ಹಿಂದೆ ನಿಂತವನು ನಾನು. "ಕಷಾಯ ಕುಡೀಬೌದಾ ಸಾ?" ಅಂದವರಿಗೆಲ್ಲ ಒಂದೇ ಉತ್ತರ: "ಕುಡೀರಿ, ಅರ್ಧ ಗಂಟೆ ಬಿಟ್ಟು ಮಾತ್ರೆ ತಗೊಳ್ಳಿ." ಹಾಗಂದರೆ ಸಾಲು ಬೇಗ ಮುಂದೆ ಸರಿಯುತ್ತಿತ್ತು. ಯಾರು ನನಗೆ ಅದನ್ನು ಹೇಳಿಕೊಟ್ಟರೋ ನೆನಪಿಲ್ಲ, ಪುಸ್ತಕದಲ್ಲಿ ಓದಿದ್ದಂತೂ ಅಲ್ಲ. ನಿಮಗೂ ಎಂದೋ ಹೇಳಿರಬೇಕು, ನೀವು ನಿಮ್ಮ ತಂಗಿಗೆ ಹೇಳಿದ್ದೀರಿ. ಈಗ ಅದನ್ನು ವಾಪಸು ಪಡೆಯುವುದಕ್ಕಾಗಿ ಈ ಕಾಗದ. ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಡೆ ನಾಟಿ ಔಷಧಿ ಎಂದರೆ ಔಷಧಿಗಿಂತ ಮೊದಲು ಪಥ್ಯದ ಮಾತು. ಚಿಕ್ಕಂದಿನಲ್ಲಿ ನನಗೆ ಕಾಮಾಲೆಯಾದಾಗ ನಮ್ಮವ್ವ ನೆಲನೆಲ್ಲಿ ಅರೆದು ಕುಡಿಸಿದ್ದು ಮೂರೇ ದಿನ. ಎಣ್ಣೆ, ಒಗ್ಗರಣೆ, ಹುಣಸೆಹುಳಿ, ಬದನೆಕಾಯಿ, ಬಾಡು ಎಲ್ಲ ಬಂದ್ ಆಗಿ ಬರೀ ಮಜ್ಜಿಗೆ ಅನ್ನ ಉಂಡಿದ್ದು ನಲವತ್ತು ದಿನ. ಇಂಗ್ಲಿಷ್ ಔಷಧಿ ಹಳ್ಳಿಗಳಿಗೆ ಹಿಡಿಸಿದ್ದರಲ್ಲಿ ಪಥ್ಯವಿಲ್ಲ ಎಂಬುದೂ ಒಂದು ಕಾರಣ. ಪಾಂಡವಪುರದಲ್ಲಿದ್ದಾಗ ಒಬ್ಬರು ಗೌಡರು ಮಾತ್ರೆ ಪೊಟ್ಟಣ ಜೇಬಿಗಿಳಿಸುತ್ತ ಹೇಳಿದ್ದರು: "ನಿಮ್ದೇ ವಾಸಿ ಕಣಪ್ಪ, ಬಾಡೂಟ ಉಂಡ್ಕಂಡೇ ನುಂಗ್ಬೋದು." ನಾನೂ ನಕ್ಕು ಹೂಂ ಅಂದಿದ್ದೆ. ಮಾತ್ರೆಗೂ ಪಥ್ಯ ಇದೆ. ಅದನ್ನು ಹೇಳಬೇಕಾದ ಜಾಗದಲ್ಲಿ ನಿಂತಿದ್ದವನು ನಾನು.

ಯಾಕೆ ಪಥ್ಯ ಎನ್ನುವುದಕ್ಕೆ ನಿಮ್ಮನ್ನು ಆಲೆಮನೆಗೆ ಕರೆದೊಯ್ಯಬೇಕು. ಪಿತ್ತಜನಕಾಂಗ ಎಂದು ನೀವು ಮಕ್ಕಳ ಕೈಲಿ ಹತ್ತು ಸಲ ಬರೆಸುತ್ತಿದ್ದಿರಲ್ಲ, ಜನ ಲಿವರ್ ಅನ್ನುತ್ತಾರೆ, ಅದನ್ನು ಆಲೆಮನೆ ಎಂದುಕೊಳ್ಳಿ. ನುಂಗಿದ ಮಾತ್ರೆ ಕರುಳಿನಿಂದ ಹೊರಟು ಮೈಯೆಲ್ಲ ಹರಿಯುವ ಮೊದಲು ಆ ಆಲೆಮನೆಯನ್ನು ಹಾಯ್ದೇ ಹೋಗಬೇಕು. ಅಲ್ಲಿನ ಗಾಣಗಳೇ ಕಿಣ್ವಗಳು. ಔಷಧಿಯನ್ನು ಅರೆದು, ನೀರಿನಲ್ಲಿ ಕರಗುವ ಹಾಗೆ ಮಾಡಿ, ಮೂತ್ರದಲ್ಲೋ ಪಿತ್ತರಸದಲ್ಲೋ ಹೊರಗೆ ಸಾಗಹಾಕುವುದು ಅವುಗಳ ಕೆಲಸ. ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಡಾಕ್ಟರು ಬರೆಯುವ ಲೆಕ್ಕದ ಹಿಂದೆ ಈ ಗಾಣದ ವೇಗ ಅಡಗಿದೆ. ಗಾಣ ನಿಧಾನವಾದರೆ ಬೆಳಗಿನ ಮಾತ್ರೆ ಅರೆದು ಮುಗಿಯುವ ಮೊದಲೇ ರಾತ್ರಿಯದು ಬಂದು ರಕ್ತದಲ್ಲಿ ಔಷಧಿ ರಾಶಿ ಬೀಳುತ್ತದೆ. ಗಾಣ ಜೋರಾದರೆ ಔಷಧಿ ತನ್ನ ಕೆಲಸ ಮಾಡುವ ಮೊದಲೇ ಖಾಲಿ.

ಈ ಗಾಣಗಳಿಗೆ ಸೈಟೊಕ್ರೋಮ್ ಪಿ450 ಎಂದು ಹೆಸರು. 450 ಎಂದರೇನು ಎಂದು ನೀವು ಕೇಳೇ ಕೇಳುತ್ತೀರಿ. ಜಪಾನಿನ ಒಮುರಾ ಮತ್ತು ಸಾಟೊ ಎಂಬ ವಿಜ್ಞಾನಿಗಳು 1962ರಲ್ಲಿ ಇಟ್ಟ ಹೆಸರು. ಆ ವಸ್ತು ಕಾರ್ಬನ್ ಮಾನಾಕ್ಸೈಡಿನ ಜೊತೆ ಕೂಡಿದಾಗ 450 ನ್ಯಾನೊಮೀಟರ್ ಅಲೆಯ ಬೆಳಕನ್ನು ಹೀರುತ್ತದೆ, ಅಷ್ಟೇ. ಏನು ಕೆಲಸ ಮಾಡುತ್ತದೆ ಎಂದು ಸರಿಯಾಗಿ ಗೊತ್ತಾಗುವ ಮೊದಲು ಬಣ್ಣ ನೋಡಿ ಹೆಸರಿಟ್ಟರು. ನಮ್ಮಲ್ಲಿ ‘ಕೆಂಚ’, ‘ಕರಿಯ’ ಎಂದು ಇಡುವುದಿಲ್ಲವೇ, ಹಾಗೆ. ಮನುಷ್ಯರಲ್ಲಿ ಇಂಥವು 57 ಬಗೆ. ಮಾತ್ರೆಗಳ ಮಟ್ಟಿಗೆ ಮುಖ್ಯವಾದವು ಐದಾರು. ಅವುಗಳಲ್ಲೂ 3ಎ4 ಎಂಬುದು ದೊಡ್ಡ ಗಾಣ, ನಾವು ನುಂಗುವ ಔಷಧಿಗಳಲ್ಲಿ ಸರಿಸುಮಾರು ಅರ್ಧದಷ್ಟು ಅದರ ಬಾಯಿಗೆ ಬೀಳುತ್ತವೆ. ಅದರ ಒಂದು ಶಾಖೆ ಕರುಳಿನ ಗೋಡೆಯಲ್ಲೂ ಇದೆ.

ಸ್ವಾರಸ್ಯ ಇರುವುದು ಇಲ್ಲಿ. ಮಾತ್ರೆ ಎಂಬುದು ಮೊನ್ನೆ ಮೊನ್ನೆ ಬಂದ ಗಾಡಿ. ಈ ಗಾಣಗಳೋ ಕೋಟ್ಯಂತರ ವರ್ಷಗಳವು. ಮಾತ್ರೆಯೇ ಇಲ್ಲದ ಕಾಲದಲ್ಲಿ ಅವು ಏನನ್ನು ಅರೆಯುತ್ತಿದ್ದವು? ಸೊಪ್ಪು, ಬೇರು, ತೊಗಟೆ, ಕಾಯಿ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ತಿನ್ನಲು ಬಂದವರ ಮೇಲೆ ಕಹಿ, ಖಾರ, ವಿಷ ಪ್ರಯೋಗಿಸಿತು. ತಿನ್ನುವ ಪ್ರಾಣಿಯ ಮೈ ಅದನ್ನು ಮುರಿಯಲು ಗಾಣ ಕಟ್ಟಿಕೊಂಡಿತು. ‘ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ’ ಎನ್ನುವವರಿಗೆ ನಾನು ಈಗ ಇದನ್ನೇ ಹೇಳುವುದು. ಲಿವರಿಗೆ ಗಿಡಮೂಲಿಕೆ ಹಳೇ ಗಿರಾಕಿ. ಅದು ಬಂದು ನಿಲ್ಲುವುದು ಮಾತ್ರೆ ನಿಂತಿರುವ ಸಾಲಿನಲ್ಲೇ, ಕೆಲವು ಸಲ ಮುನ್ನುಗ್ಗಿ.

ಮುನ್ನುಗ್ಗುವುದರಲ್ಲಿ ನಮ್ಮ ಕಾಳುಮೆಣಸಿನದು ಎತ್ತಿದ ಕೈ. ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್ ಬಾಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಕರುಳು ಮತ್ತು ಲಿವರ್ ಅದನ್ನು ದಾರಿಯಲ್ಲೇ ಮುಗಿಸಿಬಿಡುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಸತ್ವವಾದ ಪಿಪರಿನ್ ಅನ್ನು ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ದಕ್ಕಿದ ಪ್ರಮಾಣ ಶೇಕಡಾ 2000ದಷ್ಟು ಹೆಚ್ಚಿತು. 1998ರಲ್ಲಿ ಅದು ಪ್ರಕಟವಾದ ಮೇಲೆ ಅರಿಶಿನದ ಕ್ಯಾಪ್ಸೂಲ್ ಮಾಡುವ ಎಷ್ಟೋ ಮಂದಿ ಡಬ್ಬಿಯ ಮೇಲೆ ಮೆಣಸಿನ ಚಿತ್ರ ಹಾಕತೊಡಗಿದರು. ವಾಟ್ಸಾಪಿನಲ್ಲಿ ಅದು ‘ಎರಡು ಸಾವಿರ ಪಟ್ಟು’ ಆಗಿ ಓಡಾಡುತ್ತಿದೆ. ಲೆಕ್ಕದ ಮೇಷ್ಟ್ರು ನೀವು, ಶೇಕಡಾ 2000 ಎಂದರೆ ಸುಮಾರು ಇಪ್ಪತ್ತು ಪಟ್ಟು ಎಂದು ಅವರಿಗೆ ತಿದ್ದಿ ಹೇಳಿ. ಇಪ್ಪತ್ತು ಪಟ್ಟೇನೂ ಸಣ್ಣದಲ್ಲ.

ಬೆಂಗಳೂರಿಗೂ ಮೊದಲೇ ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಲ್ಲಿ ಸಿ.ಕೆ. ಅಟಲ್ ಮತ್ತು ಸಂಗಡಿಗರು ತ್ರಿಕಟುವಿನ ಬೆನ್ನು ಹತ್ತಿದ್ದರು. ಶುಂಠಿ, ಮೆಣಸು, ಹಿಪ್ಪಲಿ, ಈ ಮೂರೂ ಆಯುರ್ವೇದದ ಎಷ್ಟೋ ಪಟ್ಟಿಗಳಲ್ಲಿ ಬರುತ್ತವೆ. ಯಾಕೆ ಅಷ್ಟಕ್ಕೆಲ್ಲ ಇವು ಬೇಕು ಎಂಬುದು ಅವರ ಪ್ರಶ್ನೆ. ಸಿಕ್ಕ ಉತ್ತರ, ಪಿಪರಿನ್ ಗಾಣವನ್ನು ತಡೆದು ಹಿಡಿಯುತ್ತದೆ, ಜೊತೆಗಿದ್ದ ಔಷಧಿ ಹೆಚ್ಚು ಹೊತ್ತು ಉಳಿಯುತ್ತದೆ. ಆ ಕೆಲಸದ ಫಲವಾಗಿ ಟಿಬಿಗೆ ಒಂದು ಮಾತ್ರೆಯೇ ಬಂತು, 2009ರ ಸುಮಾರಿಗೆ. 450 ಮಿಲಿಗ್ರಾಂ ರಿಫಾಂಪಿಸಿನ್ ಕೊಡುವ ಕಡೆ 10 ಮಿಲಿಗ್ರಾಂ ಪಿಪರಿನ್ ಸೇರಿಸಿ 200ಕ್ಕೆ ಇಳಿಸಿದ ಮಾತ್ರೆ. ಅನುಪಾನ ಎನ್ನುತ್ತಿದ್ದರಲ್ಲ ಪಂಡಿತರು, ಜೇನಿನಲ್ಲಿ ತೇಯ್ದು ಕೊಡಿ, ತುಪ್ಪದಲ್ಲಿ ಕೊಡಿ, ಬಿಸಿನೀರಲ್ಲಿ ಕೊಡಿ ಎಂದು. ಜೊತೆಗೆ ಹೋಗುವ ವಸ್ತು ಔಷಧಿಯ ಗುಣವನ್ನೇ ಬದಲಿಸುತ್ತದೆ ಎಂಬ ಅವರ ತಿಳಿವಳಿಕೆಯನ್ನು ನಾನು ಬಹಳ ಕಾಲ ಗೊಡ್ಡು ಎಂದುಕೊಂಡಿದ್ದೆ. ನನ್ನ ಅರ್ಧ ಗಂಟೆಗಿಂತ ಅದು ಎಷ್ಟೋ ಸೂಕ್ಷ್ಮ.

ಆದರೆ ಅದೇ ಮೆಣಸು ನಾವು ಕರೆಯದ ಕಡೆಗೂ ಹೋಗುತ್ತದೆ. ಫಿಟ್ಸಿಗೆ ಕೊಡುವ ಹಳೆಯ ಮಾತ್ರೆ ಫೆನಿಟೋಯಿನ್ ಇದೆಯಲ್ಲ, ಪಿಪರಿನ್ ಜೊತೆ ಕೊಟ್ಟಾಗ ಅದು ಹೆಚ್ಚು ಹೀರಲ್ಪಟ್ಟು ನಿಧಾನವಾಗಿ ಹೊರಹೋಗುವುದನ್ನು 1987ರಲ್ಲೇ ಸ್ವಯಂಸೇವಕರಲ್ಲಿ ತೋರಿಸಿದ್ದಾರೆ. ಫೆನಿಟೋಯಿನ್ ಬಹಳ ಮುನಿಸಿನ ಔಷಧಿ. ಅದರ ಗಾಣ ಬೇಗ ಭರ್ತಿಯಾಗುತ್ತದೆ. ಭರ್ತಿಯಾದ ಮೇಲೆ ಒಂದು ಹಿಡಿ ಹೆಚ್ಚು ಬಂದರೂ ರಕ್ತದಲ್ಲಿ ಪ್ರಮಾಣ ಸರ್ರನೆ ಏರುತ್ತದೆ. ಮಗು ತೂರಾಡುತ್ತದೆ, ಕಣ್ಣುಗುಡ್ಡೆ ಅದರುತ್ತದೆ, ಒಂದು ಎರಡಾಗಿ ಕಾಣುತ್ತದೆ, ಸದಾ ಮಂಪರು. ನೋಡಿದವರು ‘ಕಾಯಿಲೆ ಜಾಸ್ತಿ ಆಯ್ತು’ ಅಂದುಕೊಂಡು ಇನ್ನೊಂದು ಚಮಚ ಕಷಾಯ ಹಾಕುತ್ತಾರೆ.

ಎಷ್ಟು ಮೆಣಸು ಎಂಬುದೂ ಮುಖ್ಯ. ಕಾಳುಮೆಣಸಿನಲ್ಲಿ ಪಿಪರಿನ್ ಸುಮಾರು ನೂರಕ್ಕೆ ಐದು ಪಾಲು, ಒಂದು ಕಾಳಿನ ತೂಕ 50 ಮಿಲಿಗ್ರಾಮಿನ ಆಸುಪಾಸು ಎಂದು ಹಿಡಿಯಿರಿ. 20 ಮಿಲಿಗ್ರಾಂ ಪಿಪರಿನ್ ಎಂಟು ಹತ್ತು ಕಾಳಿನೊಳಗೇ ಇದೆ. ಇದನ್ನು ಓದಿ ಮೇಲುಕೋಟೆಯ ಪುಳಿಯೋಗರೆ ಬಿಡಬೇಡಿ. ಎಲೆಯ ತುದಿಯಲ್ಲಿ ಬಡಿಸಿದ್ದು, ಮನೆಮಂದಿಯೆಲ್ಲ ಹಂಚಿಕೊಂಡ ಮೆಣಸಿನ ಸಾರು ಬೇರೆ. ಒಬ್ಬರೇ ದಿನಕ್ಕೆರಡು ಲೋಟ, ತಿಂಗಳುಗಟ್ಟಲೆ ಕುಡಿಯುವ ಕಷಾಯ ಬೇರೆ, ಸತ್ವ ಇಳಿಸಿದ ಕ್ಯಾಪ್ಸೂಲಂತೂ ತೀರಾ ಬೇರೆ. 2020ರ ಏಪ್ರಿಲಿನಲ್ಲಿ ಆಯುಷ್ ಸಚಿವಾಲಯದವರು ತುಳಸಿ, ಚಕ್ಕೆ, ಶುಂಠಿ, ಕಾಳುಮೆಣಸಿನ ಕಷಾಯದ ಪಟ್ಟಿ ಕೊಟ್ಟಾಗ ಮೆಣಸಿಗೆ ಕೊಟ್ಟಿದ್ದು ಒಂಬತ್ತರಲ್ಲಿ ಒಂದೇ ಪಾಲು. ನಮ್ಮ ಬೀದಿಯಲ್ಲಿ ಅದು ಖಾರ ಇದ್ದಷ್ಟೂ ಕೊರೋನಾಗೆ ಭಯ ಎಂಬ ಲೆಕ್ಕಕ್ಕೆ ಬಂದು, ಹಿಡಿಗಟ್ಟಲೆ ಕುಟ್ಟಿ ಹಾಕುತ್ತಿದ್ದರು.

ಈಗ ಅರ್ಧ ಗಂಟೆ. 1989ರಲ್ಲಿ ಕೆನಡಾದ ಡೇವಿಡ್ ಬೈಲಿ ಎಂಬವರು ಬಿಪಿ ಮಾತ್ರೆ ಫೆಲೋಡಿಪಿನ್ ಮೇಲೆ ಹೆಂಡದ ಪರಿಣಾಮ ನೋಡಲು ಹೊರಟರು. ಹೆಂಡ ಯಾವುದು, ನೀರು ಯಾವುದು ಎಂದು ಕುಡಿಯುವವರಿಗೆ ತಿಳಿಯಬಾರದೆಂದು ಎರಡಕ್ಕೂ ಗ್ರೇಪ್‌ಫ್ರೂಟ್ ಹಣ್ಣಿನ ರಸ ಬೆರೆಸಿದರು. ಹೆಂಡ ಕುಡಿದವರಲ್ಲೂ ಕುಡಿಯದವರಲ್ಲೂ ಮಾತ್ರೆಯ ಪ್ರಮಾಣ ರಕ್ತದಲ್ಲಿ ವಿಪರೀತ ಏರಿತ್ತು. ಕಳ್ಳ ಹಣ್ಣಿನ ರಸ. ಆ ಹಣ್ಣು ನಮ್ಮ ಚಕ್ಕೋತದ ಮಗ, ಚಕ್ಕೋತಕ್ಕೂ ಕಿತ್ತಳೆಗೂ ವೆಸ್ಟ್ ಇಂಡೀಸಿನ ಬಾರ್ಬಡೋಸಿನಲ್ಲಿ ಹುಟ್ಟಿದ್ದು. ತಂದೆಯ ಗುಣವೂ ಅದೇ. ದೇವನಹಳ್ಳಿ ಚಕ್ಕೋತ ಎಂದು ನಾವು ಹೆಮ್ಮೆಪಡುವ ಜಾತಿಯ ಹಣ್ಣಿನಲ್ಲೂ ಈ ರಸಾಯನಗಳಿವೆ. ಇವು ಗಾಣದ ಮುಂದೆ ಸಾಲು ನಿಲ್ಲುವ ಪೈಕಿ ಅಲ್ಲ. ಗಾಣದ ಹಲ್ಲಿಗೆ ಕಲ್ಲು ಸಿಕ್ಕಿಸಿದ ಹಾಗೆ, ಕರುಳಿನ ಗೋಡೆಯಲ್ಲಿರುವ 3ಎ4 ಅನ್ನು ಮುರಿದೇ ಹಾಕುತ್ತವೆ. ಕರುಳು ಹೊಸ ಗಾಣ ಕೂರಿಸಲು ಒಂದು ದಿನ, ಕೆಲವರಿಗೆ ಎರಡು ಮೂರು ದಿನ ಬೇಕು. ಬೆಳಿಗ್ಗೆ ಹಣ್ಣು ತಿಂದು ಸಂಜೆ ಮಾತ್ರೆ ನುಂಗಿದರೂ ಗಾಣ ಕೆಟ್ಟೇ ಇರುತ್ತದೆ. ಅಲ್ಲಿ ನನ್ನ ಅರ್ಧ ಗಂಟೆಗೆ ಏನು ಬೆಲೆ?

ಉಲ್ಟಾ ದಾರಿಯೂ ಇದೆ, ಅದು ಇನ್ನೂ ನಿಧಾನ. ಕೆಲವು ವಸ್ತು ಲಿವರಿಗೆ ಹೆಚ್ಚು ಗಾಣ ಹಾಕಿಸುತ್ತವೆ. ಟಿಬಿಯ ರಿಫಾಂಪಿಸಿನ್ ಇದರಲ್ಲಿ ಗಟ್ಟಿಗ. ಅದನ್ನು ನುಂಗುವ ಹೆಂಗಸರಿಗೆ ಗರ್ಭನಿರೋಧಕ ಮಾತ್ರೆ ಕೈಕೊಡುತ್ತದೆ. ಯುರೋಪಿನಲ್ಲಿ ಬೇಸರ, ಖಿನ್ನತೆಗೆ ಕುಡಿಯುವ ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವಿನ ಗಿಡ ಮತ್ತೊಂದು. ಹೃದಯ ಬದಲಿಸಿಕೊಂಡಿದ್ದ ಜ್ಯೂರಿಚ್‌ನ ಇಬ್ಬರು ಅದನ್ನು ತೆಗೆದುಕೊಂಡು, ಹೊಸ ಹೃದಯವನ್ನು ದೇಹ ತಿರಸ್ಕರಿಸದಂತೆ ಕಾಯುವ ಔಷಧಿಯ ಮಟ್ಟ ಕುಸಿದು, ತಿರಸ್ಕಾರ ಶುರುವಾದದ್ದನ್ನು 2000ದಲ್ಲಿ ವರದಿ ಮಾಡಿದರು. ಹೊಸ ಗಾಣ ಏಳಲು ಒಂದೆರಡು ವಾರ, ಗಿಡ ಬಿಟ್ಟ ಮೇಲೆ ಮೊದಲಿನ ಸ್ಥಿತಿಗೆ ಬರಲು ಮತ್ತೆ ಒಂದೆರಡು ವಾರ. ಹೀಗಾಗಿ ಗಡಿಯಾರದಿಂದ ಈ ಪಥ್ಯ ಆಗುವುದಿಲ್ಲ.

ನಮ್ಮ ಬೀಡಿಯೂ ಇದೇ ಗುಂಪಿನದು ಎಂದರೆ ನಗುತ್ತೀರಿ. ಹೊಗೆಯಲ್ಲಿನ ಟಾರು 1ಎ2 ಎಂಬ ಇನ್ನೊಂದು ಗಾಣವನ್ನು ಜಾಸ್ತಿ ಮಾಡುತ್ತದೆ. ಉಬ್ಬಸಕ್ಕೆ ಥಿಯೋಫಿಲಿನ್ ನುಂಗುವ ಬೀಡಿ ಸೇದುವವರಿಗೆ ಅದು ಬೇಗ ಖಾಲಿಯಾಗುತ್ತದೆ. ಬೀಡಿ ಬಿಟ್ಟ ವಾರದಲ್ಲೇ ಅದೇ ಮಾತ್ರೆ ಹೆಚ್ಚಾಗಿ ಎದೆ ಢವಢವ ಅನ್ನುತ್ತದೆ. ನಮ್ಮ ಭಾವನಿಗೆ ಹೀಗೇ ಆಗಿ, ‘ಬೀಡಿ ಬಿಟ್ಟಿದ್ದಕ್ಕೇ ಕಾಯಿಲೆ ಬಂತು’ ಎಂದು ಮತ್ತೆ ಕಟ್ಟು ತರಿಸಿಕೊಂಡರು. ಯಾರೂ ಅವರಿಗೆ ಮಾತ್ರೆ ಕಡಿಮೆ ಮಾಡಬೇಕು ಎಂದು ಹೇಳಿರಲಿಲ್ಲ. ಯಾರೂ ಎಂದರೆ ನಾನೂ ಸೇರಿ.

ಹುಡುಗಿಯ ವಿಚಾರಕ್ಕೆ ಬರುತ್ತೇನೆ. ಬಿಸಿನೀರಿಗೆ ಬರುವ ಫಿಟ್ಸ್ ನಮ್ಮ ಸೀಮೆಯದೇ ಕಾಯಿಲೆ ಅನ್ನುವಷ್ಟು ಇಲ್ಲಿ ಹೆಚ್ಚು. ಬೇರೆ ಹೆಚ್ಚಿನ ದೇಶಗಳ ನರರೋಗ ತಜ್ಞರು ಜೀವಮಾನದಲ್ಲಿ ಒಂದೆರಡು ನೋಡಿದರೆ ಹೆಚ್ಚು, ಮೈಸೂರು ಮಂಡ್ಯ ಕಡೆಯ ಡಾಕ್ಟರುಗಳಿಗೆ ಅದು ಹೊಸದಲ್ಲ. ಬೆಂಗಳೂರಿನ ಕೆ.ಎಸ್. ಮಣಿ ಅವರು 1960ರ ದಶಕದ ಕೊನೆಯಿಂದ ಇದನ್ನು ದಾಖಲಿಸಿದರು, ಆಮೇಲೆ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು. ಬೆಂಗಳೂರು ಸುತ್ತಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ 60 ಮಂದಿಗೆ ಇದ್ದದ್ದು ಯಳಂದೂರಿನಲ್ಲಿ ಲಕ್ಷಕ್ಕೆ 255 ಎಂದು ಸಿಕ್ಕಿತು. ಹಂಡೆಯ ಕಾದ ನೀರನ್ನು ಚೊಂಬಿನಿಂದ ನೆತ್ತಿಗೆ ಒಂದೇ ಸಮ ಹುಯ್ಯುವ ನಮ್ಮ ತಲೆಸ್ನಾನವೇ ಕಿಡಿ, ವಂಶದ ಒಲವೂ ಇದೆ. ಇದು ಗಾಳಿ ಸೋಕಿದ್ದಲ್ಲ ಎಂದು ನಿಮ್ಮ ತಂಗಿಗೆ ಗಟ್ಟಿಯಾಗಿ ಹೇಳಿ. ಉಗುರು ಬೆಚ್ಚಗಿನ ನೀರು, ನೆತ್ತಿಗೆ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಸ್ನಾನದ ಮನೆಗೆ ಒಳಗಿನಿಂದ ಚಿಲಕ ಹಾಕದಿರುವುದು, ಇಷ್ಟರಿಂದಲೇ ಎಷ್ಟೋ ಮಕ್ಕಳು ಸುಧಾರಿಸುತ್ತಾರೆ. ಕೆಲವರಿಗೆ ತಲೆಸ್ನಾನಕ್ಕೆ ಮೊದಲು ಕ್ಲೋಬಜಾಮ್ ಎಂಬ ಮಾತ್ರೆ ಕೊಡುತ್ತಾರೆ. ಅದೂ 3ಎ4ರ ಗಾಣದ್ದೇ ಗಿರಾಕಿ.

ಬ್ರಾಹ್ಮಿ ಸಿರಪ್ಪು ಅಂದಿರಿ. ಯಾವ ಬ್ರಾಹ್ಮಿ? ನಮ್ಮಲ್ಲಿ ತಂಬುಳಿ ಮಾಡುವ ಒಂದೆಲಗವನ್ನೂ ಬ್ರಾಹ್ಮಿ ಅನ್ನುತ್ತಾರೆ. ಗದ್ದೆಯ ಬದುವಿನಲ್ಲಿ, ನಾಲೆ ಜಿನುಗುವ ಕಡೆ ಹಬ್ಬುವ ನೀರುಬ್ರಾಹ್ಮಿ ಬೇರೆಯೇ ಗಿಡ. ಬಾಟಲಿಯಲ್ಲಿ ಹೆಚ್ಚಾಗಿ ಬರುವುದು ಎರಡನೆಯದು, ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಅದರ ಸತ್ವ ಹಲವು ಗಾಣಗಳನ್ನು ತಡೆದದ್ದುಂಟು. ಗಾಜಿನಲ್ಲಿ ಆದದ್ದೆಲ್ಲ ಮೈಯಲ್ಲಿ ಆಗಬೇಕೆಂದಿಲ್ಲ, ಆದರೂ ಫಿಟ್ಸ್ ಮಾತ್ರೆಯ ಹುಡುಗಿಯ ಮೇಲೆ ಅದನ್ನು ಪರೀಕ್ಷೆ ಮಾಡುವುದು ನನಗೆ ಒಪ್ಪಿತವಲ್ಲ. ಆ ಬಾಟಲಿಗಳಲ್ಲಿ ಶಂಖಪುಷ್ಪಿಯೂ ಸೇರಿರುವುದುಂಟು, ಅದನ್ನಂತೂ ನೋಡಿಕೊಳ್ಳಿ. ಮುಂಬಯಿಯಲ್ಲಿ ಫೆನಿಟೋಯಿನ್ ಮೇಲೆ ಚೆನ್ನಾಗಿದ್ದ ಇಬ್ಬರಿಗೆ ಮತ್ತೆ ಫಿಟ್ಸ್ ಶುರುವಾಗಿ, ಕೆದಕಿದಾಗ ಇಬ್ಬರೂ ಶಂಖಪುಷ್ಪಿ ಸಿರಪ್ಪು ಕುಡಿಯುತ್ತಿದ್ದರು. ಇಲಿಗಳಿಗೆ ಎರಡನ್ನೂ ಕೊಟ್ಟು ನೋಡಿದರೆ ರಕ್ತದಲ್ಲಿ ಫೆನಿಟೋಯಿನ್ ಇಳಿದಿತ್ತು. 1992ರ ವರದಿ. ಫಿಟ್ಸ್ ನಿಲ್ಲಲೆಂದು ಕೊಟ್ಟದ್ದೇ ಫಿಟ್ಸ್ ತಂದಿತು. ಶಂಖಪುಷ್ಪಿ ಎಂಬ ಹೆಸರಿಗೂ ವಾರಸುದಾರರು ಹಲವರು. ಉತ್ತರದಲ್ಲಿ ಒಂದು ಗಿಡ, ನಮ್ಮ ಬೇಲಿಯ ನೀಲಿ ಶಂಖಪುಷ್ಪ ಇನ್ನೊಂದು, ವಿಷ್ಣುಕ್ರಾಂತಿ ಮತ್ತೊಂದು.

ಆ ಪುಡಿಯನ್ನಂತೂ ಸದ್ಯಕ್ಕೆ ಮೇಲಿನ ಅಟ್ಟಕ್ಕೆ ಹಾಕಿಸಿ. ನಾಟಿ ವೈದ್ಯರ ಮೇಲೆ ನನಗೆ ಹಗೆಯಿಲ್ಲ, ಮೂಳೆ ಕಟ್ಟುವ ಕೈಗಳನ್ನು ನೋಡಿ ಕೈಮುಗಿದವನು. ಆದರೆ ಫಿಟ್ಸಿನ ಪುಡಿಗಳಲ್ಲಿ ಗುಟ್ಟಾಗಿ ಫಿನೋಬಾರ್ಬಿಟೋನ್ ಮಾತ್ರೆ ಅರೆದು ಸೇರಿಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಈ ದೇಶದಲ್ಲಿ ಆಗಿದೆ. ‘ಪುಡಿ ಒಂದೇ ವಾರಕ್ಕೆ ಹಿಡೀತು’ ಎಂಬ ಮಾತು ಕೇಳಿದಾಗೆಲ್ಲ ನನಗೆ ಅದೇ ಅನುಮಾನ. ಫಿನೋಬಾರ್ಬಿಟೋನ್ ಲಿವರಿನಲ್ಲಿ ಹೊಸ ಗಾಣ ಹಾಕಿಸುವುದರಲ್ಲಿ ರಿಫಾಂಪಿಸಿನ್ನಿನ ತಮ್ಮ. ಹುಡುಗಿಯ ಡಾಕ್ಟರು ಕೊಟ್ಟ ಮಾತ್ರೆಯ ಲೆಕ್ಕವನ್ನೆಲ್ಲ ಅದು ತಲೆಕೆಳಗು ಮಾಡಬಹುದು, ಥಟ್ಟನೆ ನಿಲ್ಲಿಸಿದರೂ ಫಿಟ್ಸ್ ಕೆರಳಬಹುದು. ಈಗಾಗಲೇ ಕೊಡುತ್ತಿದ್ದರೆ ಡಾಕ್ಟರಿಗೆ ತೋರಿಸದೆ ನಿಲ್ಲಿಸಬೇಡಿ. ಶುರು ಮಾಡಿಲ್ಲದಿದ್ದರೆ ಶುರು ಮಾಡುವುದೇ ಬೇಡ.

ಗಿಡದ ಹೆಸರು ಹೇಳಿದರೆ ಔಷಧಿಯ ಗುಣ ಹೋಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇದೆಯಲ್ಲ, ಬೆಳಗಿನ ಜಾವ ಯಾರಿಗೂ ಕಾಣದ ಹಾಗೆ ಕಿತ್ತು ತರಬೇಕು ಎಂದು. ಒಂದೇ ಔಷಧಿ ಕುಡಿಯುತ್ತಿದ್ದ ಕಾಲಕ್ಕೆ ಆ ಗುಟ್ಟಿನಿಂದ ಅಷ್ಟೇನೂ ನಷ್ಟವಿರಲಿಲ್ಲ. ಈಗ ಪ್ರತಿ ಮನೆಯ ಅಜ್ಜಿಯ ಬಳಿ ಬಿಪಿಗೆ, ಶುಗರಿಗೆ, ನಿದ್ದೆಗೆ ಎಂದು ಐದು ಬಗೆ ಮಾತ್ರೆ. ಆಕೆ ಕಷಾಯದ ಸುದ್ದಿಯನ್ನು ಡಾಕ್ಟರಿಗೆ ಹೇಳುವುದಿಲ್ಲ, "ಬಯ್ತಾರೆ ಕಣಪ್ಪ". ಡಾಕ್ಟರೂ ಕೇಳುವುದಿಲ್ಲ, ಹೊರಗೆ ಎಂಬತ್ತು ಜನ ಕಾದಿದ್ದಾರೆ. ಕೇಳಿದರೂ "ಬೇರೆ ಏನಾದ್ರೂ ಔಷಧಿ ತಗೋತೀರಾ?" ಎಂದು ಕೇಳುತ್ತಾರೆ. ಅಮೃತಬಳ್ಳಿಯನ್ನು ಔಷಧಿ ಎಂದು ಆಕೆ ಎಣಿಸುವುದೇ ಇಲ್ಲ, ಅದು ಬೇಲಿಯ ಮೇಲಿನ ಬಳ್ಳಿ.

ಅಮೃತಬಳ್ಳಿಯ ಮಾತು ಬಂದದ್ದರಿಂದ ಒಂದು ಸಾಲು. ಕೊರೋನಾ ವರ್ಷ ನಮ್ಮ ಬೇಲಿಗಳೆಲ್ಲ ಬೋಳಾದದ್ದು ನಿಮಗೂ ನೆನಪಿರಬೇಕು. 2021ರಲ್ಲಿ ಮುಂಬಯಿಯ ಲಿವರ್ ತಜ್ಞರು ಅದನ್ನು ಕುಡಿದ ಆರು ಜನರ ಲಿವರ್ ಕೆಟ್ಟದ್ದನ್ನು ಪ್ರಕಟಿಸಿದರು. ಅದು ಅಮೃತಬಳ್ಳಿಯೇ ಅಲ್ಲ, ಅದನ್ನೇ ಹೋಲುವ ಗಂಟುಗಂಟು ಕಾಂಡದ ಬೇರೆ ಬಳ್ಳಿ ಇರಬೇಕು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ 43 ಜನರ ವಿವರ ಬಂತು. ಬಹಳ ಮಂದಿಯಲ್ಲಿ ದೇಹದ ರಕ್ಷಣಾ ಪಡೆಯೇ ಲಿವರಿನ ಮೇಲೆ ಬಿದ್ದ ಲಕ್ಷಣ. ಅಲ್ಲಿ ಗಾಣದ ಕಥೆ ಅಲ್ಲ, ಆಲೆಮನೆಗೇ ಬೆಂಕಿ. ತಿಂಗಳುಗಟ್ಟಲೆ ಕುಡಿಯಬೇಡಿ ಎಂದಷ್ಟೇ ನಾನು ನೆರೆಹೊರೆಗೆ ಹೇಳುವುದು.

ನೀವು ನುಂಗುವ ಮಾತ್ರೆಗಳ ಪಟ್ಟಿಯನ್ನೂ ನೋಡಿದೆ. ಶುಗರಿನ ಮೆಟ್‌ಫಾರ್ಮಿನ್ ಈ ಗಾಣಗಳ ಬಳಿ ಹೋಗುವುದೇ ಇಲ್ಲ, ಮೂತ್ರಪಿಂಡದಿಂದ ಇದ್ದ ಹಾಗೇ ಹೊರಗೆ. ಹಾಗಲಕಾಯಿ ರಸ ಅದಕ್ಕೆ ಅಡ್ಡ ಬಾರದು, ಆದರೆ ಹಾಗಲ ತಾನೇ ಸಕ್ಕರೆ ಇಳಿಸುತ್ತದೆ, ಎರಡೂ ಸೇರಿ ಕೈಕಾಲು ನಡುಗಿದರೆ ಗಾಬರಿಯಾಗಬೇಡಿ, ಬೆಲ್ಲ ಬಾಯಿಗೆ ಹಾಕಿಕೊಳ್ಳಿ, ಡಾಕ್ಟರಿಗೆ ಹೇಳಿ. ಕೊಲೆಸ್ಟರಾಲಿನ ಅಟೊರ್ವಾಸ್ಟಾಟಿನ್ ಮಾತ್ರ 3ಎ4ರ ಗಿರಾಕಿ, ಅದಕ್ಕೂ ಚಕ್ಕೋತಕ್ಕೂ ದೂರ. ನಿಮ್ಮ ಪಕ್ಕದ ಮನೆಯವರು ಹೃದಯದ ಕವಾಟ ಬದಲಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾರೆ ಎಂದು ಬರೆದಿದ್ದಿರಿ. ಅವರು ಯಾವ ಕಷಾಯ, ಯಾವ ಪುಡಿಯನ್ನೂ ಕೇಳದೆ ಮುಟ್ಟಬಾರದು. ಆ ಮಾತ್ರೆಯ ಹದದ ಪಟ್ಟಿ ಕೂದಲೆಳೆಯಷ್ಟು ಕಿರಿದು. ಒಂದು ದಿನ ಮಣಗಟ್ಟಲೆ ಸೊಪ್ಪಿನ ಬಸ್ಸಾರು, ಹದಿನೈದು ದಿನ ಸೊಪ್ಪೇ ಇಲ್ಲ ಎಂದರೂ ಅದು ಏರುಪೇರಾಗುತ್ತದೆ. ಅದು ಕಿಣ್ವದಿಂದಲ್ಲ, ಸೊಪ್ಪಿನಲ್ಲಿರುವ ವಿಟಮಿನ್ ಕೆ ಇಂದ. ದಿನಾ ಒಂದೇ ಅಳತೆಯಲ್ಲಿ ಉಂಡರೆ ಸಾಕು.

ಈ ವಾರವೇ ಒಂದು ಕೆಲಸ ಮಾಡಿ. ಹುಡುಗಿಗೆ ಕೊಡುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ, ಮಾತ್ರೆ, ಸಿರಪ್ಪು, ಕಷಾಯ, ಬೆಳಗಿನ ಒಂದೆಲಗದ ಎಲೆ, ಎಲ್ಲ. ಯಾವುದನ್ನು ಯಾವ ತಾರೀಖಿನಿಂದ ಎಂಬುದೂ ಇರಲಿ, ಏಕೆಂದರೆ ಗಾಣ ಏರುವುದೂ ಇಳಿಯುವುದೂ ವಾರಗಳ ಲೆಕ್ಕ. ಬಾಟಲಿ, ಪುಡಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅವಳ ಡಾಕ್ಟರ ಮೇಜಿನ ಮೇಲಿಡಿ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯವರ ವೈದ್ಯಕೀಯ ಕಾಲೇಜಿನ ಜೊತೆಗೆ ಫಾರ್ಮಸಿ ಕಾಲೇಜೂ ಇದೆ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನವರು 1990ರ ದಶಕದಿಂದ ವಾರ್ಡಿಗೇ ಹೋಗಿ ರೋಗಿಗಳ ಮಾತ್ರೆ ನೋಡುವ ಓದನ್ನು ಕಲಿಸುತ್ತಿದ್ದಾರೆ. ಎರಡು ಔಷಧಿ ಕೂಡಿದರೆ ಏನಾಗುತ್ತದೆ ಎಂದು ಲೆಕ್ಕ ನೋಡುವುದರಲ್ಲಿ ಆ ಹುಡುಗ ಹುಡುಗಿಯರು ನನ್ನ ಕಾಲದವರಿಗಿಂತ ಎಷ್ಟೋ ಮುಂದೆ. ಗಿಡ ಗುರುತಿಸಲು ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿದೆ, 1908ರದ್ದು. ಮಾತ್ರೆಯೋ ಮೂಲಿಕೆಯೋ ಕುಡಿದು ಯಾರಿಗಾದರೂ ತೊಂದರೆಯಾದರೆ ತಿಳಿಸಲು ಕೇಂದ್ರ ಸರ್ಕಾರದ ಉಚಿತ ಫೋನೂ ಇದೆ, 1800-180-3024.

ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ಒಂದು ದಿನವೂ ತಪ್ಪಿಸಬೇಡಿ. ಅವಳದು ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಎಂದು ನೀವು ಬರೆದೇ ಇಲ್ಲ. ಲೆಕ್ಕದ ಮೇಷ್ಟ್ರು ಅಂಕಿಯನ್ನೇ ಬಿಟ್ಟರೆ ಹೇಗೆ? ಚೀಟಿಯ ಫೋಟೋ ಮೊಮ್ಮಗನ ಫೋನಿನಲ್ಲಿ ಕಳಿಸಿ. ಆ ಪುಡಿ ಮಾಡಿದ ಗಿಡ ಯಾವುದೆಂದು ತಂದವರಿಗೆ ಗೊತ್ತಿದ್ದರೆ ಹೆಸರು ಹೇಳುವುದು ಬೇಡ, ಗುಣ ಹೋಗಬಾರದಲ್ಲ. ಎಲೆ, ಹೂವು ಇರುವ ಒಂದು ರೆಂಬೆಯನ್ನು ಹಳೇ ಪೇಪರಿನ ನಡುವೆ ಒತ್ತಿ, ಶ್ರೀರಂಗಪಟ್ಟಣಕ್ಕೆ ಬರುವ ಯಾರ ಕೈಲಾದರೂ ಕೊಟ್ಟು ಕಳಿಸಿ.

ನಿಮ್ಮ ತಂಗಿಗೆ, ಮಗುವಿಗೆ ನನ್ನ ನೆನಪು ಹೇಳಿ.

ನಿಮ್ಮ,
ಗಂಜಾಮಿನ ಕಾಂಪೌಂಡರ್

ಮರೆತಿದ್ದೆ: ಮಂಡಿನೋವಿಗೆ ನೀವು ಕೇಳಿದ ಅರಿಶಿನದ ಕ್ಯಾಪ್ಸೂಲಿನ ಡಬ್ಬಿಯ ಮೇಲೆ ಮೆಣಸಿನ ಚಿತ್ರ ಇದೆಯಾ ನೋಡಿ. ಇದ್ದರೆ ತೆಗೆದುಕೊಳ್ಳುವ ಮುಂಚೆ ನನಗೊಂದು ಕಾಗದ ಹಾಕಿ.